ಚಪ್ಪಲಿ ಬಿಟ್ಟು ಹತ್ತಿದ ಕಾರು

“ಚಪ್ಪಲಿ ಹೊರಗಡೇನೇ ಬಿಟ್ಬಿಡಿಮ್ಮಾ” ಎಂದರು ಆ ಹಿರಿಯರು.

ನಾನು ಸುತ್ತಲೂ ನೋಡಿದೆ. ನಾವು ನಿಂತಿದ್ದು ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ. ಅಲ್ಲಿ ಗುಡಿ ಇರಲಿಲ್ಲ. ಅವರ ಮನೆಯ ಹೊಸ್ತಿಲು ಇನ್ನೂ ಹತ್ತು ಹೆಜ್ಜೆ ದೂರವಿತ್ತು. ನಮ್ಮ ಮುಂದಿದ್ದದ್ದು ಏಳೆಂಟು ವರ್ಷ ಹಳೆಯದಾದ ಒಂದು ಕಾರು, ಅದರ ತೆರೆದ ಬಾಗಿಲು. ಚಪ್ಪಲಿ ಬಿಡಬೇಕಾಗಿದ್ದು ಅದರೊಳಗೆ ಕೂರುವುದಕ್ಕೆ!

ಇಳಕಲ್ಲಿನಲ್ಲಿ ನನ್ನ ಅಪ್ಪನಿಗೆ ಒಂದು ಟೆಂಪೊ ಇತ್ತು. ಅದರಲ್ಲಿ ಜೋಳ, ಸೀರೆಯ ಗಂಟು, ಆಡು, ಮದುವೆಯ ದಿಬ್ಬಣ ಎಲ್ಲವೂ ಹೋಗುತ್ತಿದ್ದವು. ಕೆಸರುಗಾಲಿನಲ್ಲಿ ಹತ್ತಿ, ಕೆಸರುಗಾಲಿನಲ್ಲಿ ಇಳಿದು ಬೆಳೆದವಳು ನಾನು. ಗಾಡಿಗೆ ಪೂಜೆ ಮಾಡುವುದು ಗೊತ್ತಿತ್ತು, ಗಾಡಿಗೆ ಮಡಿ ಮಾಡುವುದು ಗೊತ್ತಿರಲಿಲ್ಲ. ನಾಲ್ಕು ವರ್ಷ ಬೆಂಗಳೂರಿನಲ್ಲಿ ಇದ್ದ ಮೇಲೆ ಇನ್ನು ಹೊಸದೇನೂ ಕಾಣಲಿಕ್ಕಿಲ್ಲ ಎಂದುಕೊಂಡಿದ್ದ ನನ್ನ ಜಂಬ ಅಲ್ಲಿಯೇ ಇಳಿಯಿತು. ಚಪ್ಪಲಿ ಬಿಟ್ಟೆ.

ನಮ್ಮೂರ ಕಡೆಯ ಓದುಗರಿಗೆ ನಾವು ಇಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನನ್ನ ಗಂಡ ಈರಣ್ಣ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಕೆಲಸಕ್ಕಿದ್ದವರು. ನಮ್ಮೂರ ಕೆಂಪು ಕಲ್ಲನ್ನು ಇಲ್ಲಿ ಮಾರುವ ಅಂಗಡಿಯವರೊಬ್ಬರು ಅವರನ್ನು ಮೇಲ್ವಿಚಾರಕನಾಗಿ ಕರೆಸಿಕೊಂಡರು. ಕಲ್ಲಿನ ಹಿಂದೆ ನಾವೂ ಬಂದೆವು: ಅವರು, ನಾನು, ಕಾಲೇಜಿಗೆ ಹೋಗುವ ಮಗಳು ಅಕ್ಷತಾ ಮತ್ತು ನನ್ನ ಅತ್ತೆ ನೀಲವ್ವ. ಅರೆಕೆರೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಯಂತ್ರ ಹಾಕಿದೆ. ಊರಿನಲ್ಲಿ ನಾವು ಕುಬಸ ಎನ್ನುವುದನ್ನು ಇಲ್ಲಿ ಬ್ಲೌಸ್ ಎಂದರೆ ಮಾತ್ರ ಗಿರಾಕಿ ಬರುತ್ತಾರೆ. ಬ್ಲೌಸ್ ಎಂದೆ, ಗಿರಾಕಿ ಬಂದರು.

ಮನೆ ಮಾಲೀಕರು ನಂಜಪ್ಪನವರು. ನಾವು ಈಗ ಮಲಗುವ ಜಾಗದಲ್ಲಿ ಒಂದು ಕಾಲದಲ್ಲಿ ರಾಗಿ ಬೆಳೆದವರು. ಮೊದಲ ಎರಡು ವರ್ಷ ಅವರಿಗೂ ನಮಗೂ ಜೋಳ, ರಾಗಿಯ ಜಗಳವೇ ನಡೆದಿತ್ತು. ನಾನು ಬಿಸಿ ರೊಟ್ಟಿ ಕೊಟ್ಟರೆ ಅವರು “ಅಪ್ಪಳ ಚೆನ್ನಾಗಿದೆ ಕಣಮ್ಮಾ” ಎನ್ನುತ್ತಿದ್ದರು. ಅವರ ಮನೆಯಿಂದ ಮುದ್ದೆ ಬಂದರೆ ಅತ್ತೆ ಅದನ್ನು ಅಗಿಯಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಈಗ ಇಬ್ಬರೂ ಕಲಿತಿದ್ದೇವೆ. ಅವರು ರೊಟ್ಟಿಗೆ ಶೇಂಗಾ ಚಟ್ನಿ ಕೇಳಿ ಪಡೆಯುತ್ತಾರೆ. ನಾವು ಮುದ್ದೆಯನ್ನು ಅಗಿಯದೆ ನುಂಗುತ್ತೇವೆ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿಗೆ ಆಪರೇಷನ್ ಆಯಿತು. ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟು ಆದರು, ಆದರೆ ಹೊರಗೆ ಹೋಗುವುದು ನಿಂತುಹೋಯಿತು. ಆಟೊದಲ್ಲಿ ಕೂರಲು ಸೊಂಟ ಬಗ್ಗಿಸಬೇಕು, ಹಾಗೆ ಬಗ್ಗಬಾರದೆಂದು ಡಾಕ್ಟರು ಹೇಳಿದ್ದರು. ಬಾಡಿಗೆ ಕಾರುಗಳು ಬಂದರೂ ತೀರ ತಗ್ಗು, ಬಾವಿಗೆ ಇಳಿದಂತಾಗುತ್ತಿತ್ತು. ಊರಿಗೆ ಹೋಗುವ ಸ್ಲೀಪರ್ ಬಸ್ಸನ್ನಂತೂ ಹತ್ತುವುದೇ ಸಾಧ್ಯವಿರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಇಳಕಲ್ಲಿಗೆ ಹೋಗಿ ತಂಗಿಯ ಮನೆಯಲ್ಲಿ ಎಂಟು ದಿನ ಇದ್ದು ಬರುತ್ತಿದ್ದ ಹೆಂಗಸು ಹತ್ತು ತಿಂಗಳು ಒಂದೇ ಕಿಟಕಿಯ ಮುಂದೆ ಕೂತರು.

“ನನ್ನ ಒಂದ್ ಸಲ ಊರಿಗೆ ಮುಟ್ಟಿಸಿಬಿಡ್ರಿ. ಅಲ್ಲೇ ಇರ್ತೀನಿ. ಹೋಗಿ ಬರೂದು ಆಗೂದಿಲ್ಲಂದ್ರ, ಹೋಗೂದರ ಆಗಲಿ” ಎಂದರು ಒಂದು ದಿನ.

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು. ಮದುವೆಯಾಗಿ ಬಂದ ದಿನದಿಂದ ಅತ್ತೆಯ ಜೊತೆ ನಾನು ಮಾಡದ ಜಗಳವಿಲ್ಲ. ಆದರೂ ಈ ಊರಿನಲ್ಲಿ ಇಡೀ ದಿನ ನನ್ನ ಜೊತೆ ನಮ್ಮೂರ ಮಾತಿನಲ್ಲೇ ಮಾತಾಡುವವರು ಅವರೊಬ್ಬರೇ. ಅವರು ಹೋದರೆ ಮನೆಯಲ್ಲಿ ನಮ್ಮ ಊರು ಅರ್ಧವಾಗುತ್ತದೆ ಎಂದು ನನಗೆ ಭಯವಾಯಿತು. ಅಂದೇ ಗಂಡನಿಗೆ ಹೇಳಿದೆ, ಹಳೆಯದಾದರೂ ಸರಿ, ಒಂದು ಎತ್ತರದ ಗಾಡಿ ತಗೊಳ್ಳೋಣ ಎಂದು. ಅವರಿಗೆ ಗಾಡಿ ಓಡಿಸಲು ಬಾರದು. ನನಗೆ ಬರುತ್ತದೆ, ಅಪ್ಪ ಕಲಿಸಿದ್ದು.

ನಮ್ಮೂರಲ್ಲಿ ಗಾಡಿ ಕೊಳ್ಳುವುದೆಂದರೆ ಗೊತ್ತಿದ್ದವರ ಗಾಡಿಯನ್ನು ಕೊಳ್ಳುವುದು. ಅದು ಯಾವ ತಿರುವಿನಲ್ಲಿ ಯಾವ ಕಲ್ಲಿಗೆ ತಾಗಿತ್ತು ಎಂಬುದೂ ಊರಿಗೇ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಗಾಡಿಗೆ ಹಿಂದಿನ ಜನ್ಮದ ನೆನಪೇ ಇರುವುದಿಲ್ಲ. ಬನಶಂಕರಿಯ ರಿಂಗ್ ರೋಡಿನಲ್ಲಿ, ಬಿಟಿಎಂ ಲೇಔಟಿನಲ್ಲಿ, ಗೊಟ್ಟಿಗೆರೆಯ ಆಚೆ ಸಾಲಾಗಿ ಹಳೆಯ ಕಾರಿನ ಅಂಗಡಿಗಳಿವೆ. ಪ್ರತಿ ಭಾನುವಾರ ಒಂದೊಂದು ಕಡೆ ಹೋದೆವು. ಎಲ್ಲ ಕಡೆಯೂ ಒಂದೇ ಮಾತು: “ಸಖತ್ ಗಾಡಿ ಸಾರ್, ಸಿಂಗಲ್ ಓನರ್, ಡಾಕ್ಟ್ರು ಓಡ್ಸಿದ್ದು.” ಈ ಊರಿನ ಹಳೆಯ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ರೋಗಿಗಳನ್ನು ಯಾರು ನೋಡುತ್ತಿದ್ದರೋ! ಇನ್ನೊಂದು ತಮಾಷೆಯೆಂದರೆ ಕೀಲಿಯನ್ನು ನನ್ನ ಕೈಗೆ ಕೊಟ್ಟು ಮಾತನ್ನು ಮಾತ್ರ ನನ್ನ ಗಂಡನಿಗೆ ಹೇಳುತ್ತಿದ್ದರು. ನನ್ನ ಗಂಡನೋ ಗ್ರಾನೈಟ್ ನೋಡುವಂತೆ ಬಾನೆಟ್ ಸವರಿ “ಪಾಲಿಶ್ ಚೊಲೊ ಐತಿ” ಎನ್ನುತ್ತಿದ್ದರು.

ಮಗಳು ಮೊಬೈಲಿನಲ್ಲಿ ಹುಡುಕಿದಳು. ಎರಡು ಗಾಡಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ವೆಬ್‌ಸೈಟುಗಳಿವೆ. ಯಾವುದಕ್ಕೆ ಎಷ್ಟು ಶಕ್ತಿ, ಎಷ್ಟು ಮೈಲೇಜು, ಯಾವುದರ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಅಪಘಾತವಾದರೆ ಯಾವುದು ಗಟ್ಟಿ, ಎಲ್ಲವೂ ಅಲ್ಲಿದೆ. ಅದನ್ನು ಬೇಡ ಎನ್ನುವುದಿಲ್ಲ. ಆರ್‌ಸಿ ಪುಸ್ತಕದಲ್ಲಿ ಎಷ್ಟು ಜನ ಮಾಲೀಕರಿದ್ದಾರೆಂದು ನೋಡಬೇಕು, ಸರ್ವೀಸ್ ಚೀಟಿ ಕೇಳಬೇಕು ಎಂದು ಕಲಿತದ್ದೂ ಅಲ್ಲಿಯೇ. ಎಂಜಿನ್ ತಣ್ಣಗಿದ್ದಾಗ ಶುರು ಮಾಡಿಸಿ ಕೇಳಬೇಕೆಂಬುದನ್ನು ಮಾತ್ರ ನನಗೆ ಅಪ್ಪ ಹೇಳಿದ್ದ. ಬಿಸಿ ಎಂಜಿನ್ ಎಲ್ಲರ ಮುಂದೂ ಒಳ್ಳೆಯದಾಗಿಯೇ ಮಾತಾಡುತ್ತದೆ. ಆದರೆ ಸೊಂಟ ಬಗ್ಗದ ಮುದುಕಿ ಹೇಗೆ ಹತ್ತುತ್ತಾಳೆ ಎಂಬುದಕ್ಕೆ ಯಾವ ಪಟ್ಟಿಯಲ್ಲಿಯೂ ಒಂದು ಸಾಲಿರಲಿಲ್ಲ. ಚಾವಣಿಯಲ್ಲಿ ಆಕಾಶ ನೋಡುವ ಕಿಂಡಿ ಇದೆಯೋ ಇಲ್ಲವೋ ಎಂಬುದಕ್ಕೆ ಮಾತ್ರ ಪ್ರತಿ ಪಟ್ಟಿಯಲ್ಲೂ ಜಾಗವಿತ್ತು.

ಹಾಗಾಗಿ ನಾನು ಕೊರಳಿಗೆ ಹೊಲಿಗೆ ಟೇಪು ಹಾಕಿಕೊಂಡು ಹೊರಟೆ. ನಗಬೇಡಿ. ಇಪ್ಪತ್ತು ವರ್ಷದಿಂದ ಜಗತ್ತನ್ನು ಆ ಟೇಪಿನಿಂದಲೇ ನೋಡಿದ್ದೇನೆ. ಡಿಕ್ಕಿಯಲ್ಲಿ ವಾಕರ್ ಹಿಡಿಯುತ್ತದೆಯೋ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಮುಂದಿನ ಸೀಟಿಗೂ ಮೊಣಕಾಲಿಗೂ ಎಷ್ಟು ಅಂತರ, ತಲೆಯ ಮೇಲೆ ಎಷ್ಟು ಜಾಗ, ಎಲ್ಲವನ್ನೂ ಅಳೆದು ಗಿರಾಕಿಗಳ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಅಂಗಡಿಯಲ್ಲಿ ಮಾರುವವನು “ಮೇಡಂ, ಗಾಡಿಗೆ ಬಟ್ಟೆ ಹೊಲಿಸ್ತೀರಾ?” ಎಂದು ಕೇಳಿದ. “ಹೊಲೀತೀನಿ, ನಿಮ್ಮ ಬಾಯಿಗೂ ಒಂದು” ಎನ್ನಬೇಕೆನಿಸಿತು. ಟೇಪು ಸುತ್ತಿಕೊಂಡು ಮುಂದಿನ ಗಾಡಿಯ ಕಡೆ ಹೋದೆ.

ಕೊನೆಗೆ ಒಂದು ಗಾಡಿ ಎಲ್ಲ ಅಳತೆಗೂ ಸರಿಹೋಯಿತು. ಏಳು ಸೀಟಿನ, ಬಿಳಿ ಬಣ್ಣದ, ಆನೆಯಂಥ ಗಾಡಿ. ಅಂಗಡಿಯವರು ಒಂದು ದಿನ ಮನೆಗೆ ಒಯ್ದು ತೋರಿಸಿ ಎಂದು ಕೊಟ್ಟರು. ನಾನೇ ಓಡಿಸಿಕೊಂಡು ಬಂದೆ. ಬನ್ನೇರುಘಟ್ಟ ರಸ್ತೆಯಲ್ಲಿ ಆ ಎತ್ತರದಲ್ಲಿ ಕೂತು ಬರುವಾಗ ಈ ಊರು ಮೊದಲ ಸಲ ನನಗೆ ದಾರಿ ಬಿಟ್ಟಂತೆ ಅನಿಸಿತು. ನಂಜಪ್ಪನವರು ಗೇಟಿಗೇ ಬಂದು ನೋಡಿದರು. “ಸಖತ್ತಾಗೈತೆ ಕಣಮ್ಮಾ. ಆದ್ರೆ ನಿಲ್ಸೋದೆಲ್ಲಿ?” ಎಂದರು. ಬೆಂಗಳೂರಿನವರು ಗಾಡಿಯನ್ನು ಕಂಡಾಗ ಮೊದಲು ಕೇಳುವುದು ಅದನ್ನೇ.

ಅತ್ತೆ ವಾಕರ್ ಹಿಡಿದು ಬಂದರು. ಹೊಸ ಇಳಕಲ್ ಸೀರೆ ಉಟ್ಟಿದ್ದರು, ಹತ್ತು ತಿಂಗಳಲ್ಲಿ ಮೊದಲ ಸಲ. ಬಾಗಿಲು ತೆರೆದೆ. ಅವರು ಒಳಗೆ ನೋಡಿದರು, ಕೆಳಗೆ ನೋಡಿದರು. ಒಂದು ಕಾಲೆತ್ತಲು ನೋಡಿದರು, ಅದು ಅರ್ಧದವರೆಗೂ ಏಳಲಿಲ್ಲ. ನನ್ನ ಗಂಡ ಒಂದು ತೋಳು ಹಿಡಿದರು, ಎದುರು ಮನೆಯವರು ಇನ್ನೊಂದು ತೋಳು ಹಿಡಿದರು. ನಾನು ಹಿಂದಿನಿಂದ ತಳ್ಳಿದೆ. ಸೆರಗು ಜಾರಿತು. ಬೀದಿಯ ಮೂರು ಮನೆಗಳ ಬಾಲ್ಕನಿಯಲ್ಲಿ ಜನ ನಿಂತಿದ್ದರು.

“ಬಿಡ್ರಿ! ನಾ ಏನ್ ಜ್ವಾಳದ ಚೀಲ ಏನು, ಎತ್ತಿ ಒಗ್ಯಾಕ?”

ಅಷ್ಟು ಹೇಳಿ ಒಳಗೆ ಹೋದರು. ಸೀರೆ ಬದಲಾಯಿಸಿ ಹಳೆಯದನ್ನು ಉಟ್ಟು ಕಿಟಕಿಯ ಮುಂದೆ ಕೂತರು. ನಾನು ಹತ್ತಿರ ಹೋಗಿ ಗಿರಾಕಿಗಳ ಪುಸ್ತಕ ತೋರಿಸಿದೆ. “ಎಲ್ಲಾ ಅಳತಿ ತಗೊಂಡಿದ್ನಲ್ರಿ ಅತ್ತಿ” ಎಂದೆ.

“ತಗೊಂಡಿ, ಖರೆ. ಯಾರ ಅಳತಿ ತಗೊಂಡಿ?”

ನನಗೆ ಕೆನ್ನೆಗೆ ಹೊಡೆದಂತಾಯಿತು. ಪ್ರತಿ ಗಾಡಿಯೊಳಗೂ ನಾನೇ ಹಾರಿ ಹತ್ತಿ ಕೂತು, ಕೂತ ಮೇಲೆ ಅಳೆದಿದ್ದೆ. ನೆಲದಿಂದ ಸೀಟಿನವರೆಗಿನ ಎತ್ತರವನ್ನು ಒಂದರಲ್ಲೂ ಅಳೆದಿರಲಿಲ್ಲ. ಗಿರಾಕಿ ಬರದಿದ್ದಾಗ ಹಳೆಯ ಬ್ಲೌಸನ್ನು ಅಳತೆಗೆ ಕಳಿಸಿಕೊಡಿ ಎನ್ನುವ ದರ್ಜಿಯ ಸೋಮಾರಿತನ ಅದು. ಇಲ್ಲಿ ಅತ್ತೆಯ ಅಳತೆಗೆ ನನ್ನ ಮೈಯನ್ನು ಕೊಟ್ಟಿದ್ದೆ. ಮೆಟ್ಟಿಲಿಳಿಸಿ ಅಂಗಡಿಗೆ ಕರೆದೊಯ್ಯುವುದು ಕಷ್ಟವೆಂದು ಅವರನ್ನು ಒಂದು ಮಾತನ್ನೂ ಕೇಳಿರಲಿಲ್ಲ. ಇಪ್ಪತ್ತು ವರ್ಷದ ಕಸುಬಿನ ಮೇಲೆ ನನಗೇ ನಾಚಿಕೆಯಾಯಿತು. ಬಿಳಿ ಆನೆಯನ್ನು ಅಂದೇ ಹಿಂದಕ್ಕೆ ಬಿಟ್ಟು ಬಂದೆ.

ಆ ವಾರ ಒಂದು ಮದುವೆಯ ಬ್ಲೌಸ್ ಕೊಡಲು ಜೆ.ಪಿ. ನಗರದ ಛತ್ರವೊಂದಕ್ಕೆ ಹೋಗಬೇಕಾಯಿತು. ನಾವು ಮಂಗಲ ಕಾರ್ಯಾಲಯ ಎನ್ನುವುದನ್ನು ಇಲ್ಲಿಯವರು ಛತ್ರ ಎನ್ನುತ್ತಾರೆ. ಬ್ಲೌಸ್ ಕೊಟ್ಟು ಹೊರಗೆ ಬಂದಾಗ ಗೇಟಿನಲ್ಲಿ ಕಾರುಗಳು ಸಾಲುಗಟ್ಟಿದ್ದವು. ಪ್ರತಿ ಕಾರಿನಿಂದಲೂ ಒಬ್ಬ ಅಜ್ಜಿಯೋ ಅಜ್ಜನೋ ಇಳಿಯುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ದೊಡ್ಡ ಗಾಡಿಗಳಿಂದ ಅಜ್ಜಿಯರನ್ನು ಇಳಿಸಲು ಇಬ್ಬರು ಬೇಕಾಗುತ್ತಿತ್ತು. ತಗ್ಗಿನ ಗಾಡಿಗಳಿಂದ ಎಳೆದು ತೆಗೆಯಬೇಕಾಗುತ್ತಿತ್ತು. ನಡುವಿನ ಎತ್ತರದ, ಐದು ಸೀಟಿನ ಸಣ್ಣ ಎಸ್‌ಯುವಿಗಳಿಂದ ಮಾತ್ರ ಅಜ್ಜಿಯರು ಕುರ್ಚಿಯಿಂದ ಎದ್ದಂತೆ ಎದ್ದು, ಸೆರಗು ಸರಿ ಮಾಡಿಕೊಂಡು ನಡೆಯುತ್ತಿದ್ದರು. ಯಾವ ವೆಬ್‌ಸೈಟಿನಲ್ಲೂ ಇಲ್ಲದ ಹೋಲಿಕೆ ಅದು. ಮುಹೂರ್ತ ಮುಗಿಯುವವರೆಗೂ ನಿಂತು ನೋಡಿದೆ. ಯಾರೋ ನನ್ನನ್ನು ಹೆಣ್ಣಿನ ಕಡೆಯವಳೆಂದು ತಿಳಿದು ಊಟಕ್ಕೂ ಕೂರಿಸಿದರು.

ಮನೆಗೆ ಬಂದವಳೇ ಅತ್ತೆಯ ಮಂಚ ಅಳೆದೆ. ಆಪರೇಷನ್ ಆದಮೇಲೆ ನನ್ನ ಗಂಡ ಮಂಚದ ನಾಲ್ಕು ಕಾಲಿನ ಕೆಳಗೂ ಗ್ರಾನೈಟ್ ತುಂಡು ಇಟ್ಟು ಅವರಿಗೆ ಹಿತವಾಗುವಷ್ಟು ಎತ್ತರಿಸಿದ್ದರು. ಆ ಎತ್ತರವೇ ಸರಿಯಾದ ಎತ್ತರ. ಆಮೇಲೆ ಅತ್ತೆಯ ಮುಂದೆ ಕೂತು ಕೇಳಿದೆ, “ಮಂಚದ ಮ್ಯಾಲೆ ಹೆಂಗ ಕೂಡ್ತೀರಿ, ತೋರಸ್ರಿ.” ಅವರು ತೋರಿಸಿದರು. ಮೊದಲು ಮಂಚಕ್ಕೆ ಬೆನ್ನು ಮಾಡಿ ಕೂರುವುದು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಮೇಲೆ ತರುವುದು. ಒಂದು ವರ್ಷ ದಿನವೂ ನೋಡಿದ್ದೆ, ಕಂಡಿರಲಿಲ್ಲ.

ಜಯನಗರದ ಆ ಕಾರು ಕಣ್ಣಿಗೆ ಬಿದ್ದದ್ದು, ಕಾರಿನಲ್ಲೂ ಹಾಗೆ ಕೂರಬಹುದೇ ಎಂದು ಫಿಸಿಯೋಥೆರಪಿಯವರನ್ನು ಕೇಳಲು ಗಂಡನ ಜೊತೆ ಹೋದಾಗ. ಗಾಜಿನ ಮೇಲೆ ದುಂಡಗಿನ ಅಕ್ಷರದಲ್ಲಿ “ಮಾರಾಟಕ್ಕಿದೆ, ಒಳಗೆ ವಿಚಾರಿಸಿ” ಎಂದು ಬರೆದ ಕಾಗದ. ವಿಚಾರಿಸಿ, ಬಾಗಿಲು ತೆಗೆಸಿ ಟೇಪು ಹಿಡಿದು ನೋಡಿದೆ: ಸೀಟು ಮಂಚಕ್ಕಿಂತ ಎರಡು ಬೆರಳು ಮಾತ್ರ ಎತ್ತರ. ಮಾಲೀಕರು ರಂಗನಾಥ ಅಂಕಲ್, ಕೆಲಸದಿಂದ ನಿವೃತ್ತರಾದಾಗ ಕೊಂಡ ಗಾಡಿ. ಕಣ್ಣು ಮಂಜಾಗಿ ಡಾಕ್ಟರು ಓಡಿಸಬೇಡಿ ಎಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಕೂತಾಗ ನನಗೆ ಕಾರಣ ತಿಳಿಯಿತು. ಕಾಲ ಕೆಳಗಿನ ಹಾಸು ಹೊಸದರಂತಿತ್ತು. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ.

“ಯಾರು ಓಡ್ಸೋದು? ಇವ್ರಾ?” ಎಂದು ಗಂಡನ ಕಡೆ ನೋಡಿದರು.

“ನಾನೇ ಓಡಸ್ತೀನ್ರಿ ಅಂಕಲ್.”

“ಹಾಗಾದ್ರೆ ಒಂದ್ ರೌಂಡ್ ಹೋಗೋಣ. ನಾನು ಪಕ್ಕದಲ್ಲಿ ಕೂತ್ಕೋತೀನಿ.”

ಜಯನಗರದ ಮರಗಳ ಕೆಳಗೆ ಎರಡು ಸುತ್ತು ಹಾಕಿದೆ. ಅವರು ಉದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದರು. ಹೆದರಿಕೆಯೋ ಏನೋ ಎಂದುಕೊಂಡೆ. ಮನೆಯ ಮುಂದೆ ನಿಲ್ಲಿಸಿದಾಗ ಕಣ್ಣು ತೆರೆದು “ಗೇರ್ ಹಾಕೋದು ಕೇಳಿಸ್ತಾನೇ ಇಲ್ಲ. ನಂಗಿಂತ ಚೆನ್ನಾಗಿ ಓಡಿಸ್ತೀರಿ” ಎಂದರು. ಈ ಊರಿಗೆ ಬಂದಮೇಲೆ ನನಗೆ ಸಿಕ್ಕ ದೊಡ್ಡ ಸನ್ಮಾನ ಅದು. ಅಪ್ಪ ಇದ್ದಿದ್ದರೆ ಫೋನ್ ಮಾಡುತ್ತಿದ್ದೆ.

ಆದರೂ ನಾನು ಹೂಂ ಎನ್ನಲಿಲ್ಲ. “ನಮ್ಮ ಅತ್ತಿ ಬಂದು ಕೂತು ನೋಡ್ಬೇಕ್ರಿ, ಅವರು ಒಪ್ಪಿದ್ರ ಮಾತ್ರ” ಎಂದೆ. ಮರುದಿನ ಅಂಕಲ್ ತಾವೇ ಪರಿಚಯದ ಡ್ರೈವರನ್ನು ಕೂರಿಸಿ ಗಾಡಿಯನ್ನು ಅರೆಕೆರೆಗೆ ಕಳಿಸಿದರು. ಅತ್ತೆ ಈ ಸಲ ಹೊಸ ಸೀರೆ ಉಡಲಿಲ್ಲ. ಬಾಲ್ಕನಿಗಳ ಕಡೆ ನೋಡದೆ ಬಂದರು. ತಿರುಗಿದರು, ಕೂತರು, ಎರಡೂ ಕಾಲು ಒಳಗೆ ತಂದರು. ಯಾರೂ ಮುಟ್ಟಲಿಲ್ಲ.

“ಬಾಗಲಾ ಹಾಕು” ಎಂದರು. ನನಗೆ ಅಳು ಬಂದುಬಿಟ್ಟಿತು.

ಜಯನಗರಕ್ಕೆ ಎಲ್ಲರೂ ಅದೇ ಗಾಡಿಯಲ್ಲಿ ಹೋದೆವು. ಕಾಗದ ಪತ್ರ ಮುಗಿಯಿತು. ಅಂಕಲ್ ಅವರ ಹೆಂಡತಿ ಶಾರದಮ್ಮನವರು ಅತ್ತೆಗೂ ನನಗೂ ಕುಂಕುಮ ಕೊಟ್ಟರು, ಗಾಡಿಗೆ ಹೂವಿಟ್ಟರು. “ಚಪ್ಪಲಿ ಬಿಟ್ಟೇ ಹತ್ತಿ, ನಮ್ಮನೆಯವ್ರ ನಿಯಮ ಇವತ್ತಿನ ಮಟ್ಟಿಗಾದ್ರೂ ನಡೀಲಿ” ಎಂದು ನಕ್ಕರು. ನಾವು ನಾಲ್ವರೂ ಹೊಂಗೆ ಮರದ ಕೆಳಗೆ ಚಪ್ಪಲಿ ಬಿಟ್ಟು ಭಕ್ತಿಯಿಂದ ಹತ್ತಿದೆವು. ಅಂಕಲ್ ಗಾಡಿಯ ಹಿಂಭಾಗವನ್ನು ಒಮ್ಮೆ ತಟ್ಟಿ ಒಳಗೆ ಹೋದರು, ಹೊರಡುವುದನ್ನು ನೋಡಲು ನಿಲ್ಲಲಿಲ್ಲ.

ಅರೆಕೆರೆಯಲ್ಲಿ ಬಾಗಿಲು ತೆರೆದು ಕಾಲು ಕೆಳಗಿಟ್ಟಾಗಲೇ ನೆಲ ಸುಟ್ಟಿತು. ನಾಲ್ಕು ಜೊತೆ ಚಪ್ಪಲಿಯೂ ಜಯನಗರದಲ್ಲಿ ಸಾಲಾಗಿ ಉಳಿದಿದ್ದವು! ಗುಡಿಯಿಂದ ಹೊರಬರುವಾಗ ಚಪ್ಪಲಿ ಮರೆತವರಿಲ್ಲ, ಏಕೆಂದರೆ ಗುಡಿ ನಮ್ಮ ಜೊತೆ ಬರುವುದಿಲ್ಲ. ಬಂದದ್ದು ಗುಡಿಯೇ ಆದರೆ ಯಾರಿಗೆ ನೆನಪಿರುತ್ತದೆ? ಗಂಡ ಬರಿಗಾಲಲ್ಲಿ ಕುಣಿಯುತ್ತ ಮೆಟ್ಟಿಲಿಗೆ ಓಡಿದರು. “ಹೋಗ್ಲಿ ಬಿಡ್ರಿ, ಚಪ್ಪಲಿ ಹೋದ್ರ ಪೀಡಾ ಹೋತು ಅಂತಾರ” ಎಂದು ಅತ್ತೆ ನಕ್ಕರು. ಆ ನಗುವನ್ನು ಒಂದು ವರ್ಷದಿಂದ ಕೇಳಿರಲಿಲ್ಲ.

ಅಷ್ಟರಲ್ಲಿ ಶಾರದಮ್ಮನವರ ಫೋನು. “ನಿಮ್ ಚಪ್ಪಲಿಗಳನ್ನೆಲ್ಲ ನಮ್ ಸ್ಟ್ಯಾಂಡಲ್ಲಿ ಇಟ್ಟಿದೀನಿ. ಅವಸರ ಇಲ್ಲ, ಅಜ್ಜಿನ ಕರ್ಕೊಂಡ್ ಬಂದಾಗ ತಗೊಂಡ್ ಹೋಗಿ.” ಹೀಗೆ ಈ ಊರಿನಲ್ಲಿ ಮೊದಲ ಸಲ ನಮ್ಮ ಚಪ್ಪಲಿ ಬೇರೊಬ್ಬರ ಮನೆಯ ಬಾಗಿಲಲ್ಲಿ ಇದ್ದವು. ನಾಲ್ಕು ವರ್ಷದಲ್ಲಿ ಗಿರಾಕಿಗಳ ಮನೆಗೆ ಹೋಗಿದ್ದೆ, ಮಾಲೀಕರ ಮನೆಗೆ ಹೋಗಿದ್ದೆ. ನೆಂಟರಂತೆ ಎಲ್ಲಿಗೂ ಹೋಗಿರಲಿಲ್ಲ. ಎರಡು ದಿನ ಬಿಟ್ಟು ಹೋಗಿ ಕಾಫಿ ಕುಡಿದು ಚಪ್ಪಲಿ ತಂದೆವು.

ಮುಂದಿನ ತಿಂಗಳು ಇಳಕಲ್ಲಿಗೆ ಹೊರಟೆವು. ಅತ್ತೆಗೆ ನೋವಾಗದಂತೆ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಹೋದೆ. ಚಿತ್ರದುರ್ಗ ದಾಟಿ, ಹೊಸಪೇಟೆ ದಾಟಿ ಕಪ್ಪು ಮಣ್ಣು ಕಂಡಾಗ ಅವರು ಕಿಟಕಿ ಇಳಿಸಿ ಗಾಳಿಗೆ ಮುಖವೊಡ್ಡಿ ಕೂತರು. ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು. ಅಲ್ಲೇ ಇರುತ್ತೇನೆ ಎಂದಿದ್ದ ಮಾತನ್ನು ಅವರು ಹಿಂದೆಗೆದುಕೊಂಡಿರಲಿಲ್ಲ. ಅವರನ್ನು ಊರಿಗೆ ಬಿಟ್ಟು ಬರಲೆಂದೇ ಇಷ್ಟೆಲ್ಲ ಅಳತೆ ಮಾಡಿದೆನೇನೋ ಎನಿಸುತ್ತಿತ್ತು.

ಎಂಟು ದಿನ ತಂಗಿಯ ಮನೆಯಲ್ಲಿ ಇದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂತು ಮುಗಿಯದಷ್ಟು ಮಾತಾಡಿದರು. ನನಗೋ ಮೂರನೆಯ ದಿನಕ್ಕೇ ನನ್ನ ಯಂತ್ರದ ನೆನಪಾಗತೊಡಗಿತು. ಯಾರೋ “ಯಾವಾಗ ಬಂದ್ರಿ?” ಎಂದು ಕೇಳಿದಾಗ ಚುಚ್ಚಿದಂತಾಯಿತು. ಊರವಳನ್ನು ಯಾರೂ ಯಾವಾಗ ಬಂದೆ ಎಂದು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಇಳಕಲ್ಲಿನವಳು, ಇಳಕಲ್ಲಿನಲ್ಲಿ ಬೆಂಗಳೂರಿನವಳು. ಎರಡೂ ಕಡೆ ಬೈಯುವವರಿಲ್ಲ, ಎರಡೂ ಕಡೆ ಕೊಂಚ ಸರಿದು ಜಾಗ ಕೊಡುತ್ತಾರೆ, ಅಷ್ಟೆ.

ಹೊರಡುವ ಬೆಳಿಗ್ಗೆ ಗಾಡಿಗೆ ಜೋಳದ ಚೀಲ ಹಾಕಿದೆವು. ಅತ್ತೆಯ ಬಟ್ಟೆಯ ಚೀಲ ಎಲ್ಲೂ ಕಾಣಲಿಲ್ಲ. ನನಗೆ ಕೇಳುವ ಧೈರ್ಯವಾಗಲಿಲ್ಲ. ಕಟ್ಟೆಯ ಮೇಲಿದ್ದ ಅವರು ವಾಕರ್ ಹಿಡಿದು ಎದ್ದು, ಗಾಡಿಯ ಹತ್ತಿರ ಬಂದು, ಬಾಗಿಲ ಮುಂದೆ ಚಪ್ಪಲಿ ಬಿಟ್ಟರು. ತಿರುಗಿ ಕೂತರು. ಎರಡೂ ಕಾಲು ಒಳಗೆ ತಂದರು.

“ನಿಮ್ಮ ಚೀಲ ಎಲ್ಲೈತ್ರಿ ಅತ್ತಿ?”

“ಇಲ್ಲೇ ಬಿಟ್ಟೀನಿ. ಮುಂದಿನ ಸಲ ಬಂದಾಗ ಉಡಾಕ ಬೇಕಲ್ಲ?”

ಜಯನಗರದಲ್ಲಿ ಕಲಿತ ಪಾಠದ ನೆನಪಿನಿಂದ ನಾನು ಬಗ್ಗಿ ಅವರ ಚಪ್ಪಲಿ ಎತ್ತಿಕೊಂಡೆ. ಅವರು ಕೈ ಅಡ್ಡ ಮಾಡಿದರು.

“ಅವೂ ಇಲ್ಲೇ ಇರ್ಲಿ. ಅರೆಕೆರ್ಯಾಗ ಇನ್ನೊಂದು ಜೋಡಿ ಅದಾವ.”

ಚಪ್ಪಲಿಯನ್ನು ಒಯ್ದು ತಂಗಿಯ ಮನೆಯ ಬಾಗಿಲ ಪಕ್ಕ ಇಟ್ಟೆ. ಗಾಡಿ ಹತ್ತಿ ಕೀಲಿ ತಿರುಗಿಸಿದೆ. ಬೀದಿಯ ತಿರುವಿನವರೆಗೂ ಕನ್ನಡಿಯಲ್ಲಿ ಆ ಜೋಡಿ ಕಾಣುತ್ತಿತ್ತು. ನನ್ನ ಚಪ್ಪಲಿ ಮಾತ್ರ ನನ್ನ ಸೀಟಿನ ಹಿಂದೆ, ಚೀಲದಲ್ಲಿ ಇದ್ದವು. ಅತ್ತೆಯಂತೆ ಬಿಟ್ಟು ಬರಬಹುದಿತ್ತು. ಎಲ್ಲಿ ಬಿಡಬೇಕೆಂದು ನನಗಿನ್ನೂ ತಿಳಿದಿಲ್ಲ.